ಹನ್ನೆರಡನೆಯ ಬಾಗಿಲು

ಬೈತಖೋಲ ಗುಡ್ಡದ ಸೈಕಲ್ ದಾರಿಯ ಅರ್ಜಿಗೆ
ನೂರ ಹದಿನೇಳು ಸಹಿ, ಒಂದು ಹೆಬ್ಬೆಟ್ಟು.
ಹೆಬ್ಬೆಟ್ಟು ಹೊನ್ನಿ ಗೌಡಳದು.
ಸೈಕಲ್ ಏರಿದವಳಲ್ಲ, ಏರುವವಳೂ ಅಲ್ಲ.

"ದಾರಿ ಬೇಕೋ, ಗುಡ್ಡ ಬೇಕೋ?"
ಗಾರ್ಡು ದುರ್ಗಪ್ಪ ಕೇಳಿದಾಗ
ನಾವು ಹೆಲ್ಮೆಟ್ಟಿನ ಪಟ್ಟಿ ತಿರುವುತ್ತ ನಿಂತಿದ್ದೆವು.
ಅವಳು ಸೊಪ್ಪಿನ ಹೊರೆ ಇಳಿಸಿ
ಕತ್ತಿಯ ಮೊನೆಯಿಂದ ಮಣ್ಣಲ್ಲಿ ಗೆರೆ ಎಳೆದಳು:
"ನೆಟ್ಟಗೆ ಇಳಿದ್ರೆ ಮಳೆಯೂ ನಿಮ್ಮ ಚಕ್ರದ ಹಿಂದೇ ಇಳೀತದೆ.
ಅಡ್ಡ ಹೋಗಿ, ದನ ಹೋದ ಹಾಗೆ."

ಹಾಗೇ ಕಡಿದೆವು, ಆರು ಭಾನುವಾರ.
ಇನಾಸ ಗ್ಯಾರೇಜು ಮುಚ್ಚಿ ಪಿಕಾಸಿ ಹಿಡಿದ.
ಬಂದರಿನ ಹುಡುಗರು ಬಲೆ ಎಳೆವ ಕೈಯಲ್ಲಿ
ಚಿರೆಕಲ್ಲು ಎಳೆದು
ಹನ್ನೊಂದು ಕಡೆ ನೀರಿಗೆ ಬಾಗಿಲಿಟ್ಟರು.
ನನ್ನದು ಒಂದೇ, ಕೊನೆಯದು;
ಉಳಿದಂತೆ ಚಹಾದ ಕೆಟಲು, ಅಂಗೈ ತುಂಬ ಗುಳ್ಳೆ.

ಒಂಬತ್ತನೇ ತಿರುವಿನಲ್ಲಿ ಚಿಪ್ಪುಹಂದಿಯ ಬಿಲ.
ನಕ್ಷೆಯ ಅತಿ ಚಂದದ ಇಳಿಜಾರು ಅಲ್ಲೇ ಇತ್ತು,
ಕಡಲು ಪೂರಾ ಕಾಣುವಲ್ಲಿ.
ಯಾರೂ ಮಾತಾಡಲಿಲ್ಲ.
ಶಹೀನ್ ಗೂಟ ಕಿತ್ತು
ಇಪ್ಪತ್ತು ಮಾರು ಆಚೆ ನೆಟ್ಟಳು.
ಈಗಲೂ ಅಲ್ಲಿ ಏರು ಜಾಸ್ತಿ,
ಚಿಪ್ಪುಹಂದಿಯನ್ನು ಬೈಯುತ್ತ ಇಳಿದು ತಳ್ಳುತ್ತೇವೆ.
ಅದನ್ನು ಕಂಡವರು ಇನ್ನೂ ಯಾರೂ ಇಲ್ಲ.

ಜೂನ್ ಒಂದಕ್ಕೆ ನಾವೇ ಹಗ್ಗ ಕಟ್ಟಿದೆವು:
ಮಳೆಗಾಲ, ದಾರಿಗೆ ರಜೆ.

ಮೊನ್ನೆ ಕೊಡೆ ಹಿಡಿದು ನೋಡಹೋದೆ.
ನೀರು ಒಂದೊಂದೇ ಬಾಗಿಲಲ್ಲಿ ಹೊರಳಿ
ಹೇಳಿದ ಮಾತು ಕೇಳುವ ಮಗುವಿನಂತೆ
ಪೊದೆಯೊಳಗೆ ಹೋಗುತ್ತಿತ್ತು,
ಹನ್ನೊಂದು ಕಡೆ.

ಕೊಡೆ ಮಡಿಸಿಟ್ಟು
ಕಲ್ಲು ಹುಡುಕತೊಡಗಿದೆ.