ತೂಬಿನಪಾಳ್ಯದ ಗಣತಿ

ಪೆನ್ಸಿಲಿನ ತುದಿ ಮುರಿದದ್ದು ಮೂರನೇ ಮನೆಯಲ್ಲಿ.
ಅಲ್ಲಿಯವರೆಗೆ ಎಲ್ಲ ಸರಿಯಿತ್ತು:
ಹೆಂಚೋ ಶೀಟೋ, ನಲ್ಲಿಯೋ ಬಾವಿಯೋ,
ಸೈಕಲ್ಲು ಒಂದು, ಮೊಬೈಲು ಎರಡು,
ರೇಡಿಯೋ ಇದ್ದದ್ದು ಸತ್ತಿದೆ.
ಆಮೇಲೆ ಕೇಳಿದೆ: ಮಾತೃಭಾಷೆ?

ಈಳಿಗೆಮಣೆಯ ಮುಂದೆ ಮೀನು ಸೀಳುತ್ತಿದ್ದ ಮುನಿಲಚ್ಚಮ್ಮ
ಕೈ ನಿಲ್ಲಿಸದೆ 'ಯಾರದು?' ಅಂದಳು.
'ನಮ್ಮಮ್ಮಂದಾ, ನಂದಾ, ಈ ಸೊಸೇದಾ?'

ಅಮ್ಮ ಕಲ್ಲು ಒಡೆಯುವವರ ಮನೆಯವಳು, ತೆಲುಗಿನಲ್ಲಿ ಬಯ್ಯುತ್ತಿದ್ದಳು.
ಅಪ್ಪ ಹರಿಗೋಲಿನವನು, ಕನ್ನಡದಲ್ಲಿ ಸುಮ್ಮನಿರುತ್ತಿದ್ದ.
ಸೊಸೆ ಸ್ಟೆಲ್ಲಾಮೇರಿ ಗಣಿಯ ಲೈನಿನವಳು:
ಒಲೆಯ ಹತ್ತಿರ ತಮಿಳು, ಗಂಡನ ಹತ್ತಿರ ತೆಲುಗು,
ಹಸುವಿಗೆ ಮಾತ್ರ ಕನ್ನಡ, ಯಾಕಂದರೆ
ಹಸು ಶಿರಾ ಕಡೆಯದು.
ನಾನೂ.

ಏಳು ವರ್ಷವಾಯಿತು ಈ ಶಾಲೆಗೆ ಬಂದು.
ಮೊದಲ ದಿನ ಒಂದನೇ ಕ್ಲಾಸಿನ ಇಮಾಂಬಿ ಬೆರಳೆತ್ತಿ
'ಟೀಚರ್, ನೀಳ್ರು' ಅಂದಳು.
ಗದರಿದೆ: ನೀರು ಅನ್ನು.
ಮಧ್ಯಾಹ್ನದವರೆಗೆ ಕುಡಿಯದೆ ಕೂತಳು.
ನೆನೆದರೆ ಈಗಲೂ ನನ್ನ ಗಂಟಲೇ ಒಣಗುತ್ತದೆ.

ಊರಿಗೆ ಶಾಸನವಿಲ್ಲ, ವೀರಗಲ್ಲಿಲ್ಲ.
ಇರುವವನು ನೀರುಗಂಟಿ ಗಂಗುಲಪ್ಪ,
ಅವನು ಕಿರುಬೆರಳು ಮಡಿಸಿ ಹೇಳುವ ಒಂದು ರಾತ್ರಿ.
ಕೆರೆಯೇರಿ ಬಿರುಕು ಬಿಟ್ಟ ರಾತ್ರಿ.
ಯಾವ ವರ್ಷ? 'ಅಜ್ಜಿಯ ಹಲ್ಲು ಬಿದ್ದ ವರ್ಷ.'
ಯಾರ ಅಜ್ಜಿ ಅಂತ ಕೇಳಬಾರದು.

ಕಲ್ಲು ಕಟ್ಟಲು ಬಂದವರು ಏರಿಯ ಕೆಳಗೆ ಗುಡಿಸಲು ಹಾಕಿದ್ದರು.
ಬಂಡೆ ಸಿಡಿದು ಅಣ್ಣನನ್ನು ಕಳೆದುಕೊಂಡ ಸವರಿಯಪ್ಪ
ಇನ್ನು ಭೂಮಿಯೊಳಗೆ ಇಳಿಯಲಾರೆನೆಂದು
ಗಣಿಯ ತಲೆದೀಪದ ಸಮೇತ ಓಡಿಬಂದಿದ್ದ.
ಕಪಿಲೆ ಬಾನಿಗೆ ತೊಗಲು ಹೊಲಿಯುವ ದಸ್ತಗೀರ್
ಎರಡು ದಿನಕ್ಕೆಂದು ಬಂದು ತಿಂಗಳಾಗಿತ್ತು.
ಹರಿಗೋಲಿನವರು ಮೊದಲಿಂದ ಇದ್ದರು,
ಹಾಗಂತ ಅವರೇ ಹೇಳುತ್ತಾರೆ.

ಏರಿಯೊಳಗೆ ನೀರು ಗುಳುಗುಳು.
ಕತ್ತಲಲ್ಲಿ ನಾಲ್ಕು ಕಡೆಯಿಂದ ನಾಲ್ಕು ಕೂಗು,
ಯಾರ ಕೂಗೂ ಯಾರಿಗೂ ತಿಳಿಯದು.
ತಟ್ಟನೆ ಯಾರೋ 'ಮಣ್ಣು' ಅಂದರು.

ಮಣ್ಣು ಕನ್ನಡಕ್ಕೂ ಮಣ್ಣೇ,
ತೆಲುಗು ಅದನ್ನು ಮೆತ್ತಗೆ ಮಾಡಿ ಮನ್ನು ಅನ್ನುತ್ತದೆ,
ತಮಿಳು ಬಾಲ ಕತ್ತರಿಸಿ ಮಣ್.
ದಸ್ತಗೀರನಿಗೆ ಮಾತು ಗೊತ್ತಿರಲಿಲ್ಲ, ಬುಟ್ಟಿ ತಲೆಗೇರಿತು.
ಬೆಳಗಾಗುವಷ್ಟರಲ್ಲಿ ಗೊತ್ತಿತ್ತು.

'ಅದೇ ನಮ್ ಮೊದಲ್ನೇ ಮಾತು' ಅನ್ನುತ್ತಾನೆ ಗಂಗುಲಪ್ಪ,
'ಮಿಕ್ಕಿದ್ದೆಲ್ಲ ಆಮೇಲೆ ಬೆಸೆದದ್ದು.'

ಬೆಸೆದದ್ದು ಮದುವೆಯಲ್ಲಿ, ಜಗಳದಲ್ಲಿ, ತೂಬಿನ ಸರದಿಯಲ್ಲಿ.
ಗದ್ದೆಗೆ ನೀರು ಬಿಡುವಾಗ ಎಣಿಕೆ ಒಕಟಿ, ರೆಂಡು.
ಮೀನು ತೂಗುವಾಗ ತಮಿಳು.
ಸಾಲ ಕೇಳುವಾಗ ದಖನಿ,
ಅದರಲ್ಲಿ ಕೇಳಿದರೆ ಇಲ್ಲವೆನ್ನುವುದು ಕಷ್ಟ.
ಸತ್ತವರನ್ನು ಕರೆಯುವಾಗ
ಬರೀ 'ಓ'.

ಕೆರೆ ಹದಿನಾಲ್ಕು ವರ್ಷ ಬತ್ತಿತ್ತಂತೆ.
ಈಗ ಪೈಪಿನಲ್ಲಿ ಬರುತ್ತದೆ, ಬೆಂಗಳೂರು ಮಿಂದು ಬಿಟ್ಟದ್ದು.
ಸೋಸಿದ್ದಾರಂತೆ.
ಮುನಿಲಚ್ಚಮ್ಮ ಬೊಗಸೆಯಲ್ಲಿ ಮೂಸಿ ನೋಡಿ
'ಸೋಪ್ನೀಳ್ರು' ಎಂದು ಹೆಸರಿಟ್ಟಿದ್ದಾಳೆ.
ಮೀನು ಚೆನ್ನಾಗಿ ಬೆಳೆಯುತ್ತವೆ. ಮಾತೂ.

ಮೂರು ಸಲ ಬರೆದು ಮೂರು ಸಲ ಅಳಿಸಿದೆ,
ಕಾಗದ ತೆಳುವಾಗಿ ತೊಡೆ ಕಾಣಿಸತೊಡಗಿತು.
ಸ್ಟೆಲ್ಲಾ ಬ್ಲೇಡು ತಂದು ಪೆನ್ಸಿಲು ಕೆತ್ತಿಕೊಟ್ಟಳು:
'ಕನ್ನಡ ಅಂತ ಬರ್ಕೊಳ್ಳಿ ಟೀಚರ್, ಬಸ್ಸು ತಪ್ಪುತ್ತೆ.'
ಬರೆದೆ. ಪಕ್ಕದ ಮನೆಗೆ ತೆಲುಗು,
ಅದರಾಚೆಗೆ ಉರ್ದು,
ನಾಯಿ ಕಟ್ಟಿರದ ಮನೆಗೆ ಬೇಲಿಯಾಚೆ ನಿಂತೇ ತಮಿಳು.
ನಾಲ್ಕು ಮನೆ, ನಾಲ್ಕು ಭಾಷೆ,
ನಡುವೆ ಒಂದೇ ಅಂಗಳ.
ಅಲ್ಲಿ ಕುಂಟೆಬಿಲ್ಲೆ ಆಡುವ ಮಕ್ಕಳು
ನನ್ನ ಫಾರಮ್ಮಿನಲ್ಲಿಲ್ಲದ್ದನ್ನು ಕೂಗುತ್ತಿದ್ದರು.

ಬೇತಮಂಗಲದ ಬಸ್ಸು, ಕಿಟಕಿಯ ಬಿಸಿಲು,
ನನ್ನ ಬಾಟಲಿ ಖಾಲಿ.
ಪಕ್ಕದವಳತ್ತ ಕೈ ಚಾಚಿ
'ಒಂಚೂರು ನೀಳ್ರು' ಅಂದುಬಿಟ್ಟೆ.
ಕೊಟ್ಟಳು. 'ತೂಬಿನಪಾಳ್ಯಾನಾ?' ಅಂದಳು.
ಬಾಯಿ ತುಂಬ ನೀರಿತ್ತು.
ತಲೆ ಹೇಗೋ ಆಡಿತು.