ಸೋಮವಾರದ ಕೊಳ

ಸೋಮವಾರ ಯಾತ್ರಿಕರಿಗೆ ಬಾಗಿಲು ಮುಚ್ಚಿರುತ್ತದೆ.
ಮೊಣಕಾಲುದ್ದದ ಬೂಟು ತೊಟ್ಟು
ನಾನೂ ಎನಿಡ್ ಟ್ರಿಂಡರೂ
ಎಂಟು ಮೂಲೆಯ ಕೊಳಕ್ಕಿಳಿಯುತ್ತೇವೆ
ಚಿಲ್ಲರೆ ಹೆಕ್ಕಲು.

ಗ್ಲಾಸ್ಟರ್‌ಶೈರಿನ ಈ ಗುಡ್ಡದ ಪಕ್ಕೆಯಲ್ಲಿ
ರೋಮು ಕಾಣದೆಯೇ ರೋಮಿನವನಂತೆ ಬಾಳಿದವನೊಬ್ಬ
ಒರತೆಗೊಂದು ಗುಡಿ ಕಟ್ಟಿಸಿದ.
ಹಿಂದೆ ಅರ್ಧಚಂದ್ರದ ಗೋಡೆ, ಮುಂದೆ ಕಂಬ.
ಮೂರ್ತಿ ಇತ್ತೋ ಇಲ್ಲವೋ,
ನೀರಂತೂ ಇತ್ತು.

ಅವಳ ಹೆಸರೇನು, ಕೇಳಿದ್ದೆ ಮೊದಲ ವಾರ.
'ಬರೆದಿಟ್ಟವರಿಲ್ಲ' ಅಂದಳು ಎನಿಡ್
ಸೊಂಟ ಹಿಡಿದು ನೆಟ್ಟಗಾಗುತ್ತ.
ಹೆಸರಿಲ್ಲದವಳನ್ನು ಕರೆಯುವುದು ಹೇಗೆ?
ನಾವಾದರೆ ಕೊಳವೆಬಾವಿಗೂ ಕುಂಕುಮ ಹಚ್ಚಿ
ಗಂಗಮ್ಮ ಅನ್ನುವವರು,
ಮೋಟಾರಿನ ಸ್ವಿಚ್ಚಿಗೂ ಒಂದೆಸಳು ಸೇವಂತಿಗೆ.

ಕಟ್ಟೆಯ ಕಲ್ಲಿನ ಮೇಲೆ ಯಾರೋ
ಹೊಸ ದೇವರ ಎರಡಕ್ಷರ ಕೊರೆದರು.
ಆಮೇಲೆ ಇನ್ಯಾರೋ
ಅದೇ ಕಲ್ಲು ಕಿತ್ತು ಮೆಟ್ಟಿಲಿಗೆ ಹಾಸಿದರು.
ಜಗಳ ದಡದ್ದು.
ಕೆತ್ತಿದ ಕೈ, ಕಿತ್ತ ಕೈ,
ಎರಡರ ಧೂಳೂ ತೊಳೆದದ್ದು ಇಲ್ಲಿಯೇ.
ಚಾವಣಿ ಬಿತ್ತು. ಕಾಡು ಬಂತು.
ಅವರು ತಿನ್ನಲು ತಂದಿದ್ದ ಬಸವನಹುಳುಗಳು ಮಾತ್ರ
ತಿನ್ನುವವರೆಲ್ಲ ತೀರಿಹೋದ ಸುದ್ದಿ ತಿಳಿಯದೆ
ಇವತ್ತಿಗೂ ಗೋಡೆಯಂಚಿಗೆ ಅಂಟಿ
ಹೆದರಿಕೊಂಡೇ ನಡೆಯುತ್ತವೆ.

ಬಕೆಟ್ಟಿನಲ್ಲಿ ಪೆನ್ನಿ, ಯೂರೋ ಸೆಂಟು,
ಕೋಟಿನ ಗುಂಡಿ, ಟ್ರಾಲಿಯ ಟೋಕನ್.
ಎಲ್ಲದಕ್ಕೂ ಲೆಕ್ಕ, ಆಫೀಸಿನ ನೀಲಿ ಪುಸ್ತಕದಲ್ಲಿ.
ಇವತ್ತು ಕೊನೆಯ ಬೊಗಸೆ ಕೆಸರಿನಲ್ಲಿ
ಒಂದು ಹಾಲುಹಲ್ಲು.

ಎನಿಡ್ ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು.
ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು,
'ನಿಂಫ್ ಅಂತೆ, ಮಣ್ಣಂತೆ' ಎಂದು ನಗುವವಳು
ಅತ್ತಿತ್ತ ನೋಡಿ,
ಹಲ್ಲನ್ನು ಮೆಲ್ಲಗೆ ನೀರಿಗೇ ಬಿಟ್ಟಳು.
'ಇದನ್ನು ಬರೆಯಬೇಡ' ಅಂದಳು.
ನಾನು ಬರೆಯಲಿಲ್ಲ, ಆ ಪುಸ್ತಕದಲ್ಲಿ.

ಸಂಜೆ ಮನೆ.
ಕೆಟಲ್ಲಿನ ತಳ ಉಜ್ಜಲು ವಿನೆಗರ್ ತೆಗೆದಿದ್ದೆ.
ಅದೇ ಸುಣ್ಣಗಲ್ಲಿನ ಗುಡ್ಡ ಬಸಿದ ನೀರು
ದಿನಕ್ಕಿಷ್ಟು ಕಾದು, ದಿನಕ್ಕಿಷ್ಟು ಬಿಟ್ಟುಹೋದ ಬಿಳುಪು:
ಒಂದು ಕಡೆ ಉಬ್ಬಿ ಭುಜದಂತೆ,
ಇನ್ನೊಂದು ಕಡೆ, ಹೇಳಲಾರೆ,
ಇನ್ನೂ ಏನೂ ಆಗಿಲ್ಲ.

ಶೀಶೆಯ ಮುಚ್ಚಳ ತಿರುಗಿಸಿಟ್ಟೆ.
ಇರಲಿ ಇನ್ನೊಂದು ವಾರ.
ಚಹಾದಲ್ಲಿ ಪುಡಿಪುಡಿ ತೇಲುತ್ತದೆ,
ಗಂಡ ಗೊಣಗುತ್ತಾನೆ,
ಗೊಣಗಲಿ.