ಕೊಟ್ಟವರ ಹೆಸರು

ಮೂವತ್ತೊಂದು ವರ್ಷದಿಂದ ಈ ದಪ್ಪ ಪುಸ್ತಕ ನನ್ನ ಕೈಯಲ್ಲಿದೆ.
ಬೆಟಗೇರಿಯ ನಮ್ಮ ಚರ್ಚಿನ ದೀಕ್ಷಾಸ್ನಾನದ ದಾಖಲೆ:
ಕೂಸಿನ ಹೆಸರು, ಹುಟ್ಟಿದ ದಿನ, ತಂದೆ, ತಾಯಿ,
ಜ್ಞಾನತಂದೆ, ಜ್ಞಾನತಾಯಿ,
ಕೊನೆಯ ಕಾಲಂ, ಕೊಟ್ಟವರು.
ಅಲ್ಲಿ ನಾನೆಂದೂ ಯೋಚಿಸಿದ್ದಿಲ್ಲ.
ಫಾದರ್ ಯಾರಿದ್ದರೋ ಅವರ ಹೆಸರು,
ಅದರ ಕೆಳಗೆ ಸಾಲು ಸಾಲು ಚುಕ್ಕೆ.

ಈ ಸಲ ಪೆನ್ನು ನಿಂತಿತು.

ಗ್ಯಾಂಗ್‌ಮನ್ ಇನ್ನಾಸಪ್ಪ ಆ ರಾತ್ರಿ ಹುಲಕೋಟಿ ಕಡೆ ಹಳಿಯ ಮೇಲೆ.
ಫಾದರ್ ಹುಬ್ಬಳ್ಳಿಯಲ್ಲಿ.
ರೆಜಿನವ್ವನಿಗೆ ಏಳು ತಿಂಗಳಿಗೇ ಬೇನೆ.
ಬಂದದ್ದು ಒಂದೂಕಾಲು ಕಿಲೋ, ನೇರಳೆ ಹಣ್ಣಿನ ಬಣ್ಣ,
ಅಳು ಇಲ್ಲ.
ಡಾಕ್ಟರು ಅಂಬುಲೆನ್ಸಿಗೆ ಫೋನ್ ಹಚ್ಚುತ್ತಾ ಹೊರಗೋಡಿದರು.
ಒಳಗುಳಿದವಳು ಆಯಾ ಖಾಜಾಬಿ.

"ಅಕ್ಕಾ, ಇವನ ತಲಿಗೆ ನೀರು ಹಾಕು.
ನನ್ನ ಕೈ ಏಳವಲ್ದು. ನಾ ಹೇಳ್ತೀನಿ, ನೀ ಅನ್ನು."
"ನಾ ನಿಮ್ಮ ಪೈಕಿ ಅಲ್ಲಬೇ."
"ಜೀವ ಹೋಗೂ ಹೊತ್ತಿನ್ಯಾಗ ಯಾರರೆ ಹಾಕಬಹುದಂತ.
ಮದಿವಿ ಮುಂದ ಉಪದೇಶಿ ಹೇಳ್ಯಾರ."

ಆ ಉಪದೇಶಿ ನಾನೇ.
ಹೇಳಿದ್ದು ನೆನಪಿಲ್ಲ. ಹಾಳೆ ನೋಡಿ ಓದಿರಬೇಕು.

"ಹೆಸರು?"
"ಮೋಶೆ."
"ಹಾಂ. ನಮ್ಮ ಮೂಸಾ."

ಕೇಳಿ ಬಾ ಎಂದು ಫಾದರ್ ನನ್ನನ್ನು ಕಳಿಸಿದರು.
ಒಮ್ಮೆ ಬಿದ್ದ ನೀರು ಮತ್ತೆ ಬೀಳಕೂಡದು;
ಬಿದ್ದಿತೋ ಇಲ್ಲವೋ, ಅಷ್ಟು ತಿಳಿಯಬೇಕು.
ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಕೇಳಿದೆ.

ನೀರೇ ಹೌದೇನು? ಸಲೈನ್, ಸ್ಪಿರಿಟ್ ಅಲ್ಲವಷ್ಟೇ?
"ನೀರ್ರೀ. ನನ್ನ ಬಾಟ್ಲಿದು. ರೋಜಾ ನಡದಿತ್ತು,
ಸಹರಿಗಂತ ಇಟ್ಟಿದ್ದೆ.
ನಳ ಬಂದು ಹದಿಮೂರು ದಿನ ಆಗಿತ್ತು."
ತಲೆಯ ಮೇಲೆ ಹರಿಯಿತೇ?
"ಹರದು ಕಿವಿ ಹಿಂದ ಇಳೀತ್ರೀ. ಮೂರು ಸಲ."
ಮಾತು?
"ಪಿತ ಅಂದೆ, ಸುತ ಅಂದೆ. ಮೂರನೇದಕ್ಕ ನಾಲಿಗಿ ತೊಡರಿತು.
ಅಕಿ ಮತ್ತ ಹೇಳಿದ್ಳು, ನಾ ಮತ್ತ ಅಂದೆ."

ಕೊನೆಯದನ್ನು ಕೇಳಲು ನನಗೇ ನಾಚಿಕೆ.
ಹಾಕುವಾಗ ನಿನ್ನ ಮನಸ್ಸಿನಲ್ಲಿ ಏನಿತ್ತು?
ದಡ್ಡನನ್ನು ನೋಡುವ ಹಾಗೆ ನೋಡಿದಳು.
"ಆ ತಾಯಿ ಮನಸಿನ್ಯಾಗ ಏನಿತ್ತೋ, ಅದರೀ."

ಇಷ್ಟು ಹೇಳಲು ನಮ್ಮ ಪಂಡಿತರಿಗೆ
ಎಷ್ಟೋ ನೂರು ವರ್ಷ ಹಿಡಿದಿತ್ತು.

ರಾತ್ರಿ ಬೈಬಲ್ ತೆರೆದೆ, ನೀರು ಹುಡುಕುತ್ತಾ.
ಮೊದಲ ಪುಟದಲ್ಲೇ ಇದೆ, ಬೆಳಕಿಗಿಂತ ಮೊದಲು,
ಕತ್ತಲಲ್ಲಿ ಸುಳಿಯುವ ಒಂದು ಉಸಿರಿನ ಕೆಳಗೆ.
ನೋವನ ನಾವೆಯಡಿ, ಲೋಕವನ್ನು ಮುಳುಗಿಸುತ್ತಾ
ಎಂಟು ಜನರನ್ನು ಮೇಲೆತ್ತುತ್ತಾ.
ಓಡಿಬಂದ ಗುಲಾಮರಿಗೆ ಎರಡು ಕಡೆ ಗೋಡೆಯಾಗಿ.
ನಮ್ಮೂರಲ್ಲಿ ಇದಕ್ಕಿಂತ ಒಳ್ಳೆಯ ಹೊಳೆ ಇಲ್ಲವೇ
ಎಂದು ಗೊಣಗುತ್ತಲೇ ನಾಮಾನ ಏಳು ಸಲ ಮುಳುಗಿದ.
ಅದೇ ಜೋರ್ಡನ್ ದಂಡೆಗೆ, ಪಾಪವಿಲ್ಲದವನೊಬ್ಬ ಬಂದು
ಪಾಪಿಗಳ ಪಾಳಿಯಲ್ಲಿ ನಿಂತ,
ಟ್ಯಾಂಕರ್ ಮುಂದೆ ನಾವು ನಿಲ್ಲುವ ಹಾಗೆ.
ಕೊನೆಗೆ ಈಟಿ ತಗುಲಿದ ಅವನ ಪಕ್ಕೆಯಿಂದ
ರಕ್ತ, ರಕ್ತದ ಹಿಂದೆಯೇ ನೀರು.
ಹೆರಿಗೆ ಕೋಣೆಯವರಿಗೆ ಆ ಜೋಡಿ ಗೊತ್ತು.

ಪೌಲ ಬರೆದದ್ದು ಇನ್ನೂ ಗಡುಸು:
ಇದು ಬರೀ ತೊಳೆಯುವುದಲ್ಲ, ಹೂಳುವುದು.
ಅವನ ಜತೆ ಹೂತುಹೋಗಿ ಅವನ ಜತೆ ಏಳುವುದು.
ಎಷ್ಟು ಜನರಿಗೆ ಕಲಿಸಿದೆ ಇದನ್ನು, ಚಹಾ ಆರುವುದರೊಳಗೆ!
ಅಲ್ಲಿ, ಸುತ್ತಲು ಬಿಳಿ ಬಟ್ಟೆ ತರಲು ಒಬ್ಬರು ಹೋಗಿಯಾಗಿತ್ತು.
ನೀರು ಬಿತ್ತು. ಕೂಸು ಕೆಮ್ಮಿತು.
ತಣ್ಣೀರಿಗೆ ಬೆಚ್ಚಿರಬೇಕು ಅಂದರು ಡಾಕ್ಟರು.
ಇರಬಹುದು. ನಾನು ವಾದಕ್ಕಿಳಿಯುವುದಿಲ್ಲ.

ಮೂರು ತಿಂಗಳಾದ ಮೇಲೆ, ಭಾನುವಾರ,
ಉಳಿದದ್ದನ್ನು ಮುಗಿಸಿದರು: ಎದೆಗೆ, ನೆತ್ತಿಗೆ ಎಣ್ಣೆ,
ಬಿಳಿ ಅಂಗಿ, ದೊಡ್ಡ ಬತ್ತಿಯಿಂದ ಹಚ್ಚಿದ ಸಣ್ಣ ಬತ್ತಿ.
ತೊಟ್ಟಿಯ ಮುಚ್ಚಳ ತೆಗೆಯಲೇ ಇಲ್ಲ.
ಮೋಶೆ ಫಾದರ್ ಕನ್ನಡಕ ಹಿಡಿದು ಎಳೆದ.

ಅಲ್ಲೇ ಬೆಂಚಿನ ಮೇಲೆ ಪುಸ್ತಕ ಬಿಚ್ಚಿ
ಕೊನೆಯ ಕಾಲಮಿನಲ್ಲಿ ದುಂಡಗೆ ಬರೆದೆ:
ಖಾಜಾಬಿ, ಆಯಾ.
ಶಾಯಿ ಆರುವ ಮೊದಲೇ ತೋರಿಸೋಣವೆಂದು
ಬಾಗಿಲ ಕಡೆ ತಿರುಗಿದರೆ
ಆಕೆ ಚಪ್ಪಲಿ ಮೆಟ್ಟಿ ಆಗಲೇ ಗೇಟಿನಾಚೆ, ಓಡುನಡಿಗೆಯಲ್ಲಿ,
ಕೂಗಿ ಹೇಳುತ್ತಿದ್ದಳು:
"ನಳ ಬಂದಾವಂತ್ರೀ, ಕೊಡ ಹಚ್ಚೂದೈತಿ!"